ಮದುವೆ ಟವೆಲ್ ಕಟ್ಟುವ ಕನ್ನಡಿ

ಅಪ್ಪಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ಹೇಳುತ್ತೇನೆ, ನನ್ನ ಕಾರಿನ ಪಕ್ಕದ ಕನ್ನಡಿಗೆ, ನಮ್ಮಲ್ಲಿ ಮದುವೆಯ ದಿನ ಅಲಂಕಾರಕ್ಕೆ ಟವೆಲ್ ಕಟ್ಟುವ ಕನ್ನಡಿಗೆ, ಇವತ್ತು ಹೊಸ ಗಾಜು ಹಾಕಿದೆ. "ಆ ಅಕಾರ್ಡಿಯನ್ ಬಾರಿಸೋನನ್ನ ಮದುವೆಯಾಗು, ಟವೆಲ್ ಯಾವ ಕನ್ನಡಿಗೆ ಕಟ್ತೀಯ ನೋಡ್ತೀನಿ!" ಎಂದು ಗುದ್ದಿ ಒಡೆದು, ನಿಶ್ ಊರಿನ ಅತ್ತೆಯ ಮನೆಗೆ ಹೊರಟುಹೋದೆಯಲ್ಲ, ಅದೇ ಕನ್ನಡಿಗೆ. ಕೂದಲು ಒಣಗಿಸುವ ಯಂತ್ರದಿಂದ ಅಂಟು ಬಿಸಿ ಮಾಡಿ ಹಳೆಯ ಚೂರುಗಳನ್ನು ಕಿತ್ತೆ. ಹೊಸದನ್ನು ಅಂಗೈಯಿಂದ ನಡುವೆ ಒತ್ತಿದೆ. ಟಕ್ಕೆಂದು ಕೂತಿತು.

ಪಕ್ಕದ ಮನೆಯ ದೇಸಂಕಾ ದೊಡ್ಡಮ್ಮ ಬೇಲಿಯಾಚೆಯಿಂದ ಕೂಗಿದರು. "ಏನೇ ಮದುಮಗಳೇ, ನಾಳೆ ಮದುವೆ ಇಟ್ಕೊಂಡು ಮೆಕ್ಯಾನಿಕ್ ಕೆಲಸಾನಾ? ನಿಮ್ಮಪ್ಪ ಬರ್ತಾನಾ?"

"ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ ದೊಡ್ಡಮ್ಮ. ಟವೆಲ್ ಮಾತ್ರ ಕಟ್ಟೇ ಕಟ್ತೀನಿ" ಎಂದೆ. ನಾನು ಇಷ್ಟು ಜೋರಾಗಿ ಯಾವತ್ತೂ ಮಾತಾಡಿದವಳಲ್ಲ.

ನಾಳೆ ಚರ್ಚಿಗೆ ಕಾರನ್ನು ನಾನೇ ಓಡಿಸುತ್ತೇನೆ. ಪಕ್ಕದ ಸೀಟಿನಲ್ಲಿ ಯಾರೂ ಕೂರಬಾರದೆಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.

ಲ್ಯುಬಿಂಕಾ