ಪಾಪಮ್ಮನ ಕತ್ತಿನ ನವೆ

ಕುರುಬರಹಳ್ಳಿ,
೧೯–೮–೧೯೫೭

ಚಿರಂಜೀವಿ ಕೆಂಪಯ್ಯನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ಕುಲುಮೆ ಕೆಲಸ ಮುಗಿಸಿ ಬೆವರಿನಲ್ಲೇ ತಣ್ಣೀರು ಕುಡಿಯಬೇಡ. ಭದ್ರಾವತಿಯ ನೀರು ಈಗಲಾದರೂ ಹಿಡಿಸಿತೆ? ನಾವಿಲ್ಲಿ ಚೆನ್ನಾಗಿದ್ದೇವೆ. ನಾವು ಅಂದರೆ ನಾನು, ಎಮ್ಮೆ ಮತ್ತು ನಿನ್ನ ಹೆಂಡತಿ.

ಯುಗಾದಿ ಕಳೆದ ಮೇಲೆ ಪಾಪಮ್ಮನನ್ನು ಇಲ್ಲಿ ಬಿಟ್ಟು ಹೋದವನು ಹಿಂದೆಯೇ ಕಾಗದ ಬರೆದೆ: ಅವಳ ಕತ್ತಿನ ಹಿಂದೆ ಕಪ್ಪಗೆ ದಪ್ಪಗಾಗಿರುವುದು ದೊಡ್ಡರೋಗವೇನೋ, ಕುಷ್ಠವೇನೋ ನೋಡು, ಹೌದಾದರೆ ತೌರಿಗೆ ಕಳಿಸಿಬಿಡು ಎಂದು. ಓದಿ ನಾನೂ ಹೆದರಿದೆ. ಅವಳಿಗೆ ಉಣ್ಣಲು ಬೇರೆ ಗಂಗಳ ಇಟ್ಟೆ. ಅವಳು ಮುಟ್ಟಿದ ಚೊಂಬನ್ನು ಬೂದಿ ಹಾಕಿ ಎರಡೆರಡು ಸಲ ತೊಳೆದೆ. ಆ ರೋಗವಾದರೆ ಅಲ್ಲಿ ಚುಚ್ಚಿದರೂ ತಿಳಿಯುವುದಿಲ್ಲ ಎಂದು ಪಕ್ಕದ ಮನೆಯ ಬೋರಮ್ಮ ಹೇಳಿದಳು. ತಲೆ ಬಾಚುವ ನೆಪದಲ್ಲಿ ಕೂರಿಸಿಕೊಂಡು ಸೂಜಿ ತಾಗಿಸಿದೆ. "ಅಯ್ಯೋ ಅತ್ತೆಮ್ಮ, ಹೇನು ನೋಡ್ತಾ ಇದೀರೋ, ನನ್ನೇ ಹೊಲೀತಾ ಇದೀರೋ?" ಎಂದು ಚೀರಿದಳು. ನನಗೆ ನಗುವೂ ಬಂತು, ಹೋದ ಜೀವವೂ ಬಂತು.

ಆದರೂ ಅನುಮಾನ ಬಿಡಲಿಲ್ಲ. ಕೊಳೆಯಿರಬೇಕೆಂದು ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಎಂಟು ದಿನ ತಿಕ್ಕಿದೆ. ಇನ್ನೂ ದಪ್ಪವಾಯಿತು. ಕಡೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬರಿಗೈಯಲ್ಲೇ ಮುಟ್ಟಿ ನೋಡಿದರು. "ದೊಡ್ಡರೋಗ ಅಲ್ಲಮ್ಮ, ಅಂಟೋದೂ ಇಲ್ಲ. ಕೆರೆದಷ್ಟೂ ಚರ್ಮ ದಪ್ಪ ಆಗುತ್ತೆ, ದಪ್ಪ ಆದಷ್ಟೂ ನವೆ ಹೆಚ್ಚುತ್ತೆ. ನೀವು ನಾರಲ್ಲಿ ತಿಕ್ಕಿದ್ದೂ ಕೆರೆದ ಹಾಗೇ" ಎಂದರು. ನನಗೆ ನಾಚಿಕೆಯಾಯಿತು. ಡಾಂಬರಿನ ವಾಸನೆಯ ಮುಲಾಮು ಕೊಟ್ಟರು. ಉಗುರು ಮೋಟಾಗಿ ಕತ್ತರಿಸಬೇಕಂತೆ, ಅಲ್ಲಿಗೆ ಬಟ್ಟೆ ಕಟ್ಟಬೇಕಂತೆ, ನವೆ ಎದ್ದರೆ ಒದ್ದೆ ಬಟ್ಟೆ ಒತ್ತಬೇಕಂತೆ. ಕೈ ಸುಮ್ಮನಿರಬಾರದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು.

ಅಂದಿನಿಂದ ಅವಳ ಕೈಯನ್ನೇ ಕಾದೆ. ಸೊಪ್ಪು ಬಿಡಿಸುವಾಗ ಕೆರೆಯಳು, ಹಾಲು ಕರೆಯುವಾಗ ಕೆರೆಯಳು. ಪೋಸ್ಟಿನವನು ನಮ್ಮ ಬಾಗಿಲು ದಾಟಿ ಹೋದರೆ ಮಾತ್ರ ಕೈ ತಾನಾಗಿ ಕತ್ತಿಗೆ ಹೋಗುತ್ತದೆ. ಆ ಹೊತ್ತಿಗೆ ಸರಿಯಾಗಿ ಸ್ಲೇಟು ಬಳಪ ಕೊಟ್ಟು ಅಕ್ಷರ ತಿದ್ದಿಸತೊಡಗಿದೆ. ನೀನು ಚಿಕ್ಕಂದಿನಲ್ಲಿ ತಿದ್ದುವಾಗ ಹಿಂದೆ ಕೂತು ನಾನೂ ಹಾಗೆಯೇ ಕಲಿತವಳಲ್ಲವೆ? ಈಗ ಕತ್ತು ಅರ್ಧ ಮೆತ್ತಗಾಗಿದೆ.

ಒಂದು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅಲ್ಲಿಯೂ ಆಸ್ಪತ್ರೆ ಇದೆಯಲ್ಲ, ತೋರಿಸದೆ ಇಲ್ಲಿಗೆ ಯಾಕೆ ತಂದು ಬಿಟ್ಟೆ? ನಾಲ್ಕು ತಿಂಗಳಲ್ಲಿ ಅವಳ ಹೆಸರಿಗೆ ಒಂದು ಗೆರೆ ಬರೆಯಲಿಲ್ಲ ಯಾಕೆ? ಅದು ಹೆದರಿಕೆಯೋ, ಬೇರೆ ಏನಾದರೂ ಯೋಚನೆಯೋ? ಹೆತ್ತವಳಿಗೆ ಮುಚ್ಚಿಡಬೇಡ.

ಮೈ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು ಮಗಾ.

ನಿನ್ನ ಅವ್ವ,
ಲಕ್ಷ್ಮಿದೇವಮ್ಮ

ಮರೆತಿದ್ದೆ: ನಿನ್ನ ಆ ಕಾಗದವನ್ನು ರಾಗಿ ಗುಡಾಣದ ಸಂದಿಯಲ್ಲಿ ಬಚ್ಚಿಟ್ಟಿದ್ದೆ. ಪಾಪಮ್ಮ ನಿನ್ನೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಪೂರ್ತಿ ಓದಿದ್ದಾಳೆ. ಅಳಲಿಲ್ಲ, ಕೆರೆಯಲೂ ಇಲ್ಲ. "ಅವರು ಬಂದು ಕರೆದ್ರೂ ಹೋಗೋದು ಬಿಡೋದು ನನ್ನಿಷ್ಟ ಕಣತ್ತೆಮ್ಮ" ಎಂದಳು. ಆಗಲಿ ಎಂದು ಮಾತು ಕೊಟ್ಟಿದ್ದೇನೆ. ಬರುವುದಾದರೆ ಬಾ. ನನ್ನನ್ನು ನೆಚ್ಚಿಕೊಂಡು ಬರಬೇಡ.