ಎಡಗಡೆಗೆ ಕಾಲು ಸುತ್ತು ಹೆಚ್ಚು

ಮನೆಯ ಹಿಂದಿನ ಶೆಡ್ಡು,
೧೨ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಆರೋಗ್ಯವಾಗಿದ್ದೀಯ ತಾನೆ? ಪ್ರೆಸ್ಸಿನಲ್ಲಿ ಮಷೀನಿನ ಮುಂದೆ ನಿಂತೇ ಊಟ ಮುಗಿಸುವ ಚಾಳಿ ಬಿಟ್ಟೆಯಾ? ಇಲ್ಲಿ ಅಮ್ಮ, ನನ್ನ ಹೆಂಡತಿ, ನಾನು ಎಲ್ಲರೂ ಕ್ಷೇಮ. ಅಪ್ಪನ ಮಂಡಿ ಮಾತ್ರ ಹಾಗೇ ಇದೆ. ಗುರುವಾರ ಗುರುವಾರ ಅಮ್ಮ ಅವರನ್ನು ವ್ಯಾಯಾಮ ಮಾಡಿಸುವವರ ಹತ್ತಿರ ಕರೆದುಕೊಂಡು ಹೋಗುವುದು ನಿನಗೆ ಗೊತ್ತೇ ಇದೆ. ಫೋನ್ ಮಾಡಿದರೆ ಎರಡೇ ಮಾತಿಗೆ ‘ಆಮೇಲೆ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ಅಪ್ಪ ಗಾಡಿ ಮಾರುತ್ತಿದ್ದಾರೆ. ಅವರ ಮದುವೆಗಿಂತ ಹಳೆಯದು, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಅದೇ ಮೋಟರ್‌ಬೈಕು. ‘ಕಿಕ್ ಹೊಡೆಯೋಕೆ ನನಗೆ ಕಾಲಿಲ್ಲ, ಓಡಿಸೋಕೆ ಮನೇಲಿ ಜನ ಇಲ್ಲ’ ಎನ್ನುತ್ತಾರೆ. ನನ್ನನ್ನು ಜನ ಎಂದು ಲೆಕ್ಕಕ್ಕೇ ಹಿಡಿದಿಲ್ಲ, ಇರಲಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೊಳ್ಳುವವರು ಬರುತ್ತಾರೆ. ನೀನು ಕೇಳದೆ ಅದನ್ನು ತೆಗೆದುಕೊಂಡು ಹೋಗಿ, ಬಿದ್ದು ಕೈ ಮುರಿದುಕೊಂಡು, ಅಪ್ಪ ಬೀದಿಯವರ ಎದುರಿಗೇ ‘ಇನ್ನು ನನ್ನ ಗಾಡಿ ಮುಟ್ಟಬೇಡ’ ಎಂದು ಕಿರುಚಿ, ನೀನು ಕೈಗೆ ಪಟ್ಟಿ ಕಟ್ಟಿಕೊಂಡೇ ಮನೆ ಬಿಟ್ಟು ಎರಡು ವರ್ಷವಾಯಿತಲ್ಲ, ಅಂದಿನಿಂದ ಗಾಡಿ ನಿಂತಲ್ಲೇ ನಿಂತಿದೆ ಎಂದೇ ನಾವು ನಂಬಿದ್ದೆವು. ಒಳಗಿನ ಪೆಟ್ರೋಲ್ ಒಣಗಿ ಅಂಟಾಗಿರುತ್ತದೆ, ಕಾರ್ಬುರೇಟರ್ ಬಿಚ್ಚಿ ತೊಳೆ ಎಂದು ಅಪ್ಪ ನನಗೆ ಅಪ್ಪಣೆ ಮಾಡಿದರು.

ಮೊನ್ನೆ ಭಾನುವಾರ ಹಳೆ ಬೆಡ್‌ಶೀಟ್ ಹಾಸಿಕೊಂಡು ಕೂತೆ. ಎರಡನ್ನೂ ಇಳಿಸಿ ಕೆಳಗಿನ ಬಟ್ಟಲು ಬಿಚ್ಚಿದರೆ, ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛ! ಅಂಟಿಲ್ಲ, ಹಳೆ ಬಣ್ಣದಂಥ ಕಮಟು ವಾಸನೆಯಿಲ್ಲ, ಈಚೆಗೆ ತುಂಬಿಸಿದಂಥ ಪೆಟ್ರೋಲ್. ಪೆಟ್ರೋಲ್ ಚಿಮ್ಮುವ ಜೆಟ್ಟಿನ ತೂತಿಗೆ ಕಣ್ಣಿಟ್ಟರೆ ಬೆಳಕು ಕಾಣುತ್ತದೆ. ಸೋರದಂತೆ ಸಂದಿಗೆ ಹಾಕುವ ಗ್ಯಾಸ್ಕೆಟ್ ಬೇರೆ ಹೊಸದು. ನನಗೆ ಅನುಮಾನದ ರೋಗ ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಆ ರೋಗ ನೆತ್ತಿಗೇರಿತು. ಮೊದಲು ಮೂಲೆಯಂಗಡಿ ಮೆಕ್ಯಾನಿಕ್ ಮೇಲೆ ಕಣ್ಣು ಹೋಯಿತು. ‘ನಮ್ಮ ಶೆಡ್ಡಿನ ಕಡೆ ಯಾರಾದ್ರೂ ಬಂದಿದ್ರಾ?’ ಎಂದಷ್ಟೇ ಕೇಳಿದೆ. ‘ನಿಮ್ಮ ಗ್ಯಾಸ್ಕೆಟ್ ವಿಷಯ ನನಗೇನೂ ಗೊತ್ತಿಲ್ಲಪ್ಪಾ’ ಅಂದ. ಗ್ಯಾಸ್ಕೆಟ್ ಮಾತನ್ನು ನಾನು ಎತ್ತಿಯೇ ಇರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ನನ್ನ ಹೆಂಡತಿಯನ್ನೂ ಬಿಡಲಿಲ್ಲ. ಅವಳ ದುಪಟ್ಟಾ ಮೂಸಿ ಪೆಟ್ರೋಲ್ ವಾಸನೆ ಹುಡುಕಲು ಹೋಗಿ ಸರಿಯಾಗಿ ಉಗಿಸಿಕೊಂಡೆ.

ತೊಳೆದದ್ದನ್ನೇ ಮತ್ತೆ ತೊಳೆದು, ಗಾಳಿ ಹೊಡೆದು, ನಿನ್ನೆ ಜೋಡಿಸಲು ಕೂತೆ. ಬಿಚ್ಚುವ ಮುಂಚೆ ಗಾಳಿ-ಪೆಟ್ರೋಲಿನ ಹದ ಮಾಡುವ ಸ್ಕ್ರೂ ಎಷ್ಟು ಸುತ್ತು ತೆರೆದಿದೆ ಎಂದು ಎಣಿಸಿ ಬರೆದಿಡಬೇಕು ಎಂಬುದು ಅಪ್ಪ ನಮ್ಮಿಬ್ಬರಿಗೂ ಕಿವಿ ಹಿಂಡಿ ಕಲಿಸಿದ ಪಾಠ. ನಾನೂ ಬರೆದಿಟ್ಟಿದ್ದೆ, ಯೋಚಿಸಿರಲಿಲ್ಲ. ಚೀಟಿ ತೆಗೆದು ನೋಡಿದರೆ ಬಲಗಡೆ ಕಾರ್ಬುರೇಟರಿಗೆ ಒಂದೂವರೆ, ಎಡಗಡೆಯದಕ್ಕೆ ಒಂದೂಮುಕ್ಕಾಲು. ಅಕ್ಕಾ, ಅಪ್ಪ ಜನ್ಮದಲ್ಲಿ ಎರಡಕ್ಕೂ ಒಂದೂವರೆ ಬಿಟ್ಟು ಬೇರೆ ಇಟ್ಟವರಲ್ಲ. ಎಡಗಡೆಗೆ ಕಾಲು ಸುತ್ತು ಹೆಚ್ಚು ಬೇಕೇ ಬೇಕು ಎಂದು ಅವರ ಜೊತೆ ಊಟ ಬಿಟ್ಟು ಜಗಳವಾಡಿದವರು ಈ ಭೂಮಿಯ ಮೇಲೆ ಒಬ್ಬರೇ. ಮೊದಲೇ ಹಾಗಿತ್ತು ಎಂದು ವಾದಿಸಬೇಡ. ನೀನು ಹೋದ ಮಾರನೇ ದಿನ ಅಪ್ಪ ಎರಡನ್ನೂ ಒಂದೂವರೆಗೆ ತಂದು ಶೆಡ್ಡಿಗೆ ಬೀಗ ಹಾಕಿದ್ದನ್ನು ನಾನೇ ನೋಡಿದ್ದೇನೆ. ಕಾಣೆಯಾಗಿದ್ದ ಎರಡನೇ ಕೀಲಿಗೊಂಚಲು ಎಲ್ಲಿ ಹೋಯಿತು, ಮೆಕ್ಯಾನಿಕ್ ಗ್ಯಾಸ್ಕೆಟ್ ಕೊಟ್ಟದ್ದು ಯಾರಿಗೆ ಎಂಬುದೂ ಈಗ ಗೊತ್ತಾಯಿತು.

ಹಿಂದಿನ ಗಲ್ಲಿಯ ಇಸ್ತ್ರಿಯವರನ್ನು ಕೇಳಿದೆ. ‘ತಿಂಗಳಿಗೊಂದು ಗುರುವಾರ ಹೆಲ್ಮೆಟ್ ಹಾಕ್ಕೊಂಡು ಒಬ್ರು ಗಾಡಿ ತೆಗೀತಾರಲ್ಲ, ನಿಮ್ಮನೆಯವರೇ ಅಂದ್ಕೊಂಡೆ’ ಎಂದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನಿನ್ನ ಕಥೆ. ರಜೆ ಸಿಗುವುದಿಲ್ಲ ಎನ್ನುವವಳು ಎರಡು ಗಂಟೆ ಬಸ್ಸಿನಲ್ಲಿ ಕೂತು, ನಾವಿಬ್ಬರೂ ಕೆಲಸಕ್ಕೆ ಹೋಗಿ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದು, ಹಾಗೇ ಹೊರಟುಹೋಗಿದ್ದೀಯ. ಗಾಡಿಯ ಯೋಗಕ್ಷೇಮ ಬೇಕು, ನಮ್ಮದು ಬೇಡವೇ? ನನಗೆ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆಚ್ಚು ಸಂಕಟವಾಗಿದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ನನ್ನವಳು ನಮಸ್ಕಾರ ಹೇಳಿದ್ದಾಳೆ. ಅಪ್ಪನಿಗೆ ಈ ಕಾಗದದ ಸುದ್ದಿ ಗೊತ್ತಿಲ್ಲ.

ನೀನೇ ಹೆಸರಿಟ್ಟ
ನಿನ್ನ ತಮ್ಮ, ಪತ್ತೇದಾರ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಬಂದರು. ಬೆಂಚಿನ ಮೇಲಿದ್ದ ಚೀಟಿ ಎತ್ತಿ ಓದಿದರು. ಕೂಗಾಡುತ್ತಾರೆ ಎಂದು ಕಾದೆ. ‘ಅವಳ ಕೈ ನೆಟ್ಟಗೆ ಕೂಡಿದೆಯಂತಾ?’ ಎಂದಷ್ಟೇ ಕೇಳಿದರು. ಗೊತ್ತಿಲ್ಲ ಅಂದೆ, ಎರಡು ವರ್ಷದಲ್ಲಿ ನಾನೂ ಕೇಳಿಲ್ಲವಲ್ಲ ಎಂದು ನಾಚಿಕೆಯಾಯಿತು. ‘ಬಂದು ಕೇಳಿದ್ರೆ ಗಾಡಿ ಅವಳದ್ದೇ. ಬರದಿದ್ರೆ ಭಾನುವಾರ ಹೋಗುತ್ತೆ’ ಅಂದರು. ಶೆಡ್ಡಿನ ಬೀಗವನ್ನು ಈಗಷ್ಟೇ ಬದಲಾಯಿಸಿದ್ದೇವೆ. ಹೊಸ ಕೀಲಿ ಅಪ್ಪನ ಜೇಬಿನಲ್ಲಿದೆ.