ಕಸ್ತೂರಿಯ ಬಲಮುಂಗಾಲು

ಪಿರಿಯಾಪಟ್ಟಣ
೫-೧-೨೦೨೫, ಭಾನುವಾರ

ಮುದ್ದಿನ ತಮ್ಮ ನಂಜುಂಡೇಶನಿಗೆ,

ನಿನ್ನಕ್ಕನ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ತಿಪಟೂರಿನಲ್ಲೂ ಇಷ್ಟೇ ಚಳಿಯೇ? ಕೊಬ್ಬರಿ ಮಂಡಿಯ ಧೂಳಿಗೆ ಹತ್ತಿದ್ದ ಕೆಮ್ಮು ವಾಸಿಯಾಯಿತೇ? ಮೀನಾ ಕೈಲಿ ಮೆಣಸಿನ ಕಷಾಯ ಮಾಡಿಸಿಕೊಂಡು ಕುಡಿ, ಖಾರ ಎಂದು ಅರ್ಧ ಲೋಟ ಚೆಲ್ಲಬೇಡ. ಫೋನಿರುವಾಗ ಕಾಗದ ಯಾಕೆ ಬರೆದಳು ಎಂದು ನಗಬೇಡ. ಫೋನಿನಲ್ಲಿ ಕಸ್ತೂರಿಯ ಹೆಸರೆತ್ತಿದರೆ ಸಾಕು, "ಆ ಕುದ್ರೆ ಇಸ್ಯ ಬ್ಯಾಡ ಬುಡಕ್ಕ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೆ ಬಿಡಲು ನಿನ್ನಿಂದಾಗದು. ಕಡಲೇಕಾಯಿ ಪೊಟ್ಟಣ ಕಟ್ಟಿದ ಕಾಗದವನ್ನೂ ಪೂರ್ತಿ ಓದಿ ಎಸೆಯುತ್ತಿದ್ದವನು ನೀನು.

ವಿಷಯ ಕಸ್ತೂರಿಯದ್ದೇ. ಗಾಬರಿಯಾಗಬೇಡ, ಈಗ ಚೆನ್ನಾಗಿದ್ದಾಳೆ. ವಯಸ್ಸು ಹದಿನೇಳಾಯಿತು. ಈಗ ಮದುಮಗನನ್ನು ಹೊರುವುದಿಲ್ಲ. ಮೆರವಣಿಗೆಯ ಮುಂದೆ ಗೊಂಡೆ ಕಟ್ಟಿಸಿಕೊಂಡು ಬರಿಮೈಯಲ್ಲಿ ಎರಡು ಬೀದಿ ನಡೆಯುವುದಷ್ಟೇ ಅವಳ ಕೆಲಸ, ಹಗ್ಗ ಹಿಡಿಯುವುದು ನಿಮ್ಮ ಭಾವ. ಇಬ್ಬರಲ್ಲಿ ಯಾರು ಯಾರನ್ನು ನಡೆಸಿಕೊಂಡು ಹೋಗುತ್ತಾರೆ ಎಂದು ನೋಡಿದವರೇ ಹೇಳಬೇಕು. ಆದರೆ ನಾಲ್ಕು ವರ್ಷದ ಹಿಂದೆ ಹಾರನಹಳ್ಳಿ ಮದುವೆಯಿಂದ ಬರುವಾಗ ನೀನೂ ಅವಳೂ ಬಿದ್ದಿರಲ್ಲ, ಆಗ ಪೆಟ್ಟಾದ ಬಲಮುಂಗಾಲಿನ ಮಂಡಿ ಚಳಿ ಬಂತೆಂದರೆ ಬಿಗಿದುಕೊಳ್ಳುತ್ತದೆ. ಈ ಸಲವಂತೂ ಡಿಸೆಂಬರ್ ಕೊನೆಯ ಹೊತ್ತಿಗೆ ಒಂದು ಬೆಳಿಗ್ಗೆ ಮಲಗಿದ್ದವಳು ಏಳಲೇ ಇಲ್ಲ. ಎರಡು ಸಲ ಪ್ರಯತ್ನಪಟ್ಟು ಕುಸಿದಳು. ನಾನು ಅವಳ ಕತ್ತು ತಬ್ಬಿಕೊಂಡು ಅತ್ತೆ ಕಣೋ. ಮೂರನೇ ಸಲ ಹೇಗೋ ಎದ್ದಳು, ಕಾಲು ಮಾತ್ರ ಮರದ ತುಂಡಿನಂತೆ ಮಡಚಲೊಲ್ಲದು.

ಪಶು ಆಸ್ಪತ್ರೆಗೆ ಹೊಸದಾಗಿ ಬಂದಿರುವ ಡಾಕ್ಟರು, ಮಾನಸ ಎಂದು ಹೆಸರು, ಕರೆದ ಗಳಿಗೆಗೇ ಬಂದರು. ಮಂಡಿ ಮುಟ್ಟಿ ನೋಡಿ, ಎಷ್ಟು ದಿನದಿಂದ ಕಟ್ಟಿ ಹಾಕಿದ್ದೀರಿ ಎಂದು ಕೇಳಿದರು. ಧನುರ್ಮಾಸ ಹುಟ್ಟಿದಾಗಿನಿಂದ ಎಂದೆ. ಅಪ್ಪನ ಕಾಲದ ಪದ್ಧತಿ ನಿನಗೆ ಗೊತ್ತೇ ಇದೆ. ಧನುರ್ಮಾಸದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಕುದುರೆಗೆ ಕೆಲಸವಿಲ್ಲ. ಸಂಕ್ರಾಂತಿಯವರೆಗೆ ಹಗ್ಗ ಬಿಚ್ಚದೆ ಹುರುಳಿ ತಿನ್ನಿಸುವುದು. "ವರ್ಸೆಲ್ಲಾ ನಡ್ದವ್ಳೆ, ಒಂದ್ ತಿಂಗ್ಳು ನಿಂತ್ಕೊಳ್ಳಿ" ಎನ್ನುತ್ತಿದ್ದರು ಅಪ್ಪ. ನಾನು ಇನ್ನೂ ಒಂದು ಕೈ ಮುಂದೆ ಹೋಗಿ, ಪಾಪ ಚಳಿ ಎಂದು ಲಾಯದ ಕಿಟಕಿಗೂ ಗೋಣಿತಾಟು ಬಡಿದು, ಮಂಡಿಗೆ ಸೀರೆ ಹರಿದು ಬಿಗಿಯಾಗಿ ಸುತ್ತಿದ್ದೆ. ಡಾಕ್ಟರು ಮೊದಲು ಆ ಬಟ್ಟೆ ಬಿಚ್ಚಿದರು. "ಅಮ್ಮ, ನೀವು ರೆಸ್ಟ್ ಕೊಟ್ಟಿದ್ದೇ ಇವ್ಳಿಗೆ ಕಷ್ಟ ಆಗಿರೋದು. ಹಳೇ ಪೆಟ್ಟಿರೋ ಕೀಲು ಚಳೀಲಿ ನಿಂತಷ್ಟೂ ಹಿಡ್ಕೊಳುತ್ತೆ. ದಿನಾ ನಡೆಸಿ" ಎಂದರು. ಮಂಡಿನೋವಿಗೆ ನಾನು ನುಂಗುವ ಮಾತ್ರೆಯನ್ನೇ ಅವಳಿಗೂ ನಾಲ್ಕು ಅರೆದು ಕೊಡಲೇ ಎಂದು ಕೇಳಿದ್ದಕ್ಕೆ ಆ ಹುಡುಗಿ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಮನುಷ್ಯರ ಮಾತ್ರೆ ಅವಳ ಹೊಟ್ಟೆಯನ್ನೇ ಸುಟ್ಟುಬಿಡಬಹುದಂತೆ. ತಾವೇ ತೂಕ ಅಂದಾಜು ಮಾಡಿ ಔಷಧಿ ಬರೆದುಕೊಟ್ಟರು.

ಈಗ ನಮ್ಮ ದಿನಚರಿ ಹೀಗಿದೆ. ಬಿಸಿಲು ಬಂದ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಮಂಡಿಯ ಮೇಲಿಟ್ಟು, ಒರೆಸಿ ಒಣಗಿಸಿ, ಭುಜದಿಂದ ಕೆಳಗೆ ಮೆಲ್ಲಗೆ ಮಾಲೀಸು. ಆಮೇಲೆ ಕೆರೆ ಏರಿಯ ಮೇಲೆ ನಡಿಗೆ. ಟಾರು ರಸ್ತೆಗೆ ಇಳಿಸುವುದಿಲ್ಲ, ಹೊಗೆಸೊಪ್ಪಿನ ಲಾರಿಗಳು ಬೇರೆ. ಮೊದಲ ದಿನ ಹತ್ತು ನಿಮಿಷ ನಡೆದಳು, ಈಗ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ. ಮಧ್ಯಾಹ್ನ ಹಿತ್ತಿಲಲ್ಲಿ ಹಗ್ಗವಿಲ್ಲದೆ ತಿರುಗಾಡಿಕೊಂಡಿರುತ್ತಾಳೆ, ನನ್ನ ಸೊಪ್ಪಿನ ಮಡಿ ಪೂರ್ತಿ ಅವಳ ಪಾಲಾಯಿತು. ತಣ್ಣೀರು ಕುಡಿಯಲು ಹಿಂದೆಗೆಯುತ್ತಿದ್ದಳು, ನೀರು ಕಮ್ಮಿಯಾದರೆ ಹೊಟ್ಟೆ ಕಟ್ಟಿಕೊಳ್ಳುತ್ತದಂತೆ, ಅದಕ್ಕೆ ಬೆಚ್ಚಗೆ ಮಾಡಿ ಕೊಡುತ್ತೇನೆ. ಹುರುಳಿ ಅರ್ಧಕ್ಕಿಳಿಸಿದ್ದೇನೆ, ಮೈಭಾರವೆಲ್ಲ ಆ ಕಾಲಿನ ಮೇಲೇ ತಾನೇ ಬೀಳುವುದು. ಮಲಗಲು ಭತ್ತದ ಹುಲ್ಲು ದಪ್ಪನಾಗಿ ಹಾಸುತ್ತೇನೆ. ನಿಮ್ಮ ಭಾವ ಇದನ್ನೆಲ್ಲ ನೋಡಿ, "ನನ್ ಮಂಡಿನೂ ಒಸಿ ತಿಕ್ಕೇ, ನಾನೂ ಈ ಮನೇವ್ನೆ ಕಣೆ" ಎಂದು ಕಾಲು ಚಾಚಿ ಕೂರುತ್ತಾರೆ. ನಿನ್ನೆ ಕಸ್ತೂರಿ ತಾನಾಗಿಯೇ ಎದ್ದಳು ನಂಜುಂಡ, ಒಂದೇ ಸಲಕ್ಕೆ. ನಾನು ಲಾಯದ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತುಬಿಟ್ಟೆ.

ಶಿವರಾತ್ರಿಗೆ ಮೀನಾಳನ್ನು ಕರೆದುಕೊಂಡು ಬಾ. ಅಪ್ಪ ತೀರಿಕೊಂಡಾಗ ಬಂದವನು ಲಾಯದ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದೆ. ನಿನ್ನ ದನಿ ಕೇಳಿ ಅವಳು ಒಳಗಿನಿಂದ ಕೆನೆದಿದ್ದು ನಿನಗೂ ಕೇಳಿಸಿತ್ತು, ನನಗೆ ಗೊತ್ತು. ನೀನಿಲ್ಲದೆ ನನಗೂ ಈ ಮನೆಯಲ್ಲಿ ಹಬ್ಬ ಹಬ್ಬವಾಗಿಲ್ಲ. ಮೀನಾಗೆ ನನ್ನ ಪ್ರೀತಿ ಹೇಳು. ಬೆಟ್ಟದಪುರದ ಮಲ್ಲಯ್ಯ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನಕ್ಕ,
ಪ್ರೇಮಮ್ಮ

ಕವರಿಗೆ ಅಂಟು ಹಚ್ಚುವ ಮೊದಲು ಇದನ್ನು ಬರೆಯಲೇಬೇಕು. ಪೆಟ್ಟು ಹೇಗಾಯಿತು ಎಂದು ಡಾಕ್ಟರು ಕೇಳಿದಾಗ, "ನನ್ ತಮ್ಮ ಜೋರಾಗ್ ಓಡಿಸ್ಬುಟ್ಟ" ಎಂದು ಬಾಯಿಗೆ ಬಂದುಬಿಟ್ಟಿತು. ನಾಲ್ಕು ವರ್ಷದಿಂದ ಅದೇ ರೂಢಿ. ಅದು ಸುಳ್ಳು ನಂಜುಂಡ. ಆ ದಿನ ಬೆಳಿಗ್ಗೆ ಲಾಳ ಹೊಡೆಯುವ ಖದೀರಣ್ಣ ಬಂದು, ಬಲಮುಂಗಾಲಿನ ಲಾಳ ಸಡಿಲವಾಗಿದೆ, ನಾಳೆ ಹೊಸದು ಹೊಡೆಯುವವರೆಗೆ ಹೊರಗೆ ಬಿಡಬೇಡಿ ಎಂದು ನನಗೆ ಹೇಳಿದ್ದರು. ಹಾರನಹಳ್ಳಿಯ ಹೆಣ್ಣಿನ ತಾಯಿಗೆ ಕುದುರೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದವಳು ನಾನು. ನಿನಗೆ ಹೇಳಿದರೆ ನೀನು ಹೊರಡುವುದಿಲ್ಲವೆಂದು ಹೇಳಲಿಲ್ಲ. ಬಿದ್ದದ್ದರಿಂದ ಲಾಳ ಕಿತ್ತುಹೋಯಿತು ಎಂದು ನೀನು ತಿಳಿದೆ. ಲಾಳ ಕಿತ್ತುಹೋದದ್ದರಿಂದಲೇ ಅವಳು ಬಿದ್ದಳು. ಅಪ್ಪ ಜನರೆದುರು ನಿನ್ನನ್ನು ಬೈಯುವಾಗ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಖದೀರಣ್ಣ ಒಂದೇ ಸಲ ನನ್ನ ಮುಖ ನೋಡಿದರು, ಆಮೇಲೆ ಆ ಮಾತೆತ್ತಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ, ಆಮೇಲೂ ನಾನು ಬಾಯಿ ಬಿಡಲಿಲ್ಲ. ನೀನು ಅವಳನ್ನು ಬೀಳಿಸಲಿಲ್ಲ ಕಣೋ. ಕಸ್ತೂರಿಯನ್ನು ನೋಡಲು ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಒಂದು ಮಾತು ತಿಳಿಸು, ಅವತ್ತು ನಾನು ಹುಣಸೂರಿಗೆ ಚಿಕ್ಕಮ್ಮನ ಮನೆಗೆ ಹೋಗಿರುತ್ತೇನೆ. ಲಾಯದ ಬೀಗದ ಕೈ ನಿಮ್ಮ ಭಾವನ ಹತ್ತಿರ ಇರುತ್ತದೆ.